ಗಾದಿಲಿಂಗಮ್ಮನ ಒಡಪು

"ಗಂಡನ ಹೆಸರೇ ನೆನಪಿಲ್ಲ," ಎಂದು ಡಾಕ್ಟರು ತೆಲುಗಿನಲ್ಲಿ ನರ್ಸಿಗೆ ಹೇಳುತ್ತಿದ್ದರು. "ಕಣ್ಣಿನ ಆಪರೇಷನ್ ಇವತ್ತು ಬೇಡ. ಮೊದಲು ಕರ್ನೂಲಿಗೆ ಹೋಗಿ ತಲೆ ತೋರಿಸಿಕೊಂಡು ಬರಲಿ."

ಬೆಂಚಿನ ಮೇಲೆ ಗಾದಿಲಿಂಗಮ್ಮ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಆಸ್ಪರಿಯಿಂದ ಒಬ್ಬಳೇ ಬಂದಿದ್ದ ಮುದುಕಿ. ಊರು, ಮಕ್ಕಳು, ಬಸ್ಸು ಹತ್ತಿದ ಹೊತ್ತು ಎಲ್ಲ ಸರಿಯಾಗಿ ಹೇಳಿ, ಆ ಒಂದು ಪ್ರಶ್ನೆಗೆ ಬಾಯಿ ಮುಚ್ಚಿದ್ದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳಿಗಿಲ್ಲ. ವಿಜಯವಾಡದಿಂದ ಬಂದ ಡಾಕ್ಟರಿಗೆ ಅದು ಹೊಳೆಯಲಿಲ್ಲ. ಹೊಳೆದಿದ್ದ ನರ್ಸು, ಕಿವಿಯಲ್ಲಾದರೂ ಹೇಳು ಎಂದು ಗದರಿ ಸೋತಿದ್ದಳು; ಡಾಕ್ಟರಿಗೆ ತಿಳಿಹೇಳುವ ಧೈರ್ಯ ಅವಳಿಗಿರಲಿಲ್ಲ.

ಬಾಗಿಲ ಬಳಿ ನಿಂತು ಅಮೂಲ್ಯ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ರೋಗಿಗಳನ್ನು ಮಾತಾಡಿಸುವ ಕೆಲಸಕ್ಕೆ ಆದೋನಿಯ ಈ ಆಸ್ಪತ್ರೆ ಅವಳನ್ನು ಒಂದು ವಾರ ನೋಡುತ್ತೇವೆ ಎಂದಿತ್ತು. ಇವತ್ತು ಕೊನೆಯ ದಿನ. ಆಗದಿದ್ದರೆ ಸೋಮವಾರದಿಂದ ಅತ್ತೆಯ ಜೊತೆ ಜಿನ್ನಿಂಗ್ ಮಿಲ್ಲಿಗೆ. ಹತ್ತಿಯ ಧೂಳಿಗೆ ತಲೆಗೆ ಕಟ್ಟಿಕೊಳ್ಳಲೆಂದು ಅತ್ತೆ ಬಸವಕ್ಕ ಹಳೆಯ ಸೀರೆ ಹರಿದು, ಮಡಿಸಿ, ಗೂಟಕ್ಕೆ ಹಾಕಿಟ್ಟಿದ್ದಳು.

ಅಮೂಲ್ಯ ಬಳ್ಳಾರಿಯಲ್ಲಿ ಕನ್ನಡ ಎಂ.ಎ. ಮಾಡಿ, ಒಡಪುಗಳ ಮೇಲೆ ಪ್ರಬಂಧ ಬರೆದವಳು. ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಹೆಂಗಸರು ಹೇಳುವುದೇ ಒಡಪು. "ಅದನ್ನ ಹೇಳಾಕ ಎಂಎ ಓದಬೇಕೇನ? ನಾ ಹೊಲದಾಗ ಪುಕ್ಕಟೆ ಹೇಳ್ತಿದ್ದೆ," ಎಂದು ಬಸವಕ್ಕ ಬಂದವರೆದುರಿಗೆಲ್ಲ ನಗುತ್ತಿದ್ದಳು.

ನಡುವೆ ಬಾಯಿ ಹಾಕಿದರೆ ಡಾಕ್ಟರಿಗೆ ಸಿಟ್ಟು ಬರಬಹುದು. ಆದರೂ ಅಮೂಲ್ಯ ಹೋಗಿ ಮುದುಕಿಯ ಪಕ್ಕ ಕೂತಳು.

"ಎಮ್ಮಿಗನೂರು ಸೀರಿ ಅಂಚು ನೋಡಾಕ ಬಲು ಸುಂದ್ರ, ಕೊಡಸ್ತೀನಂತ ಹೇಳೇ ಹೇಳ್ತಾನ ನಮ್ಮ ಚಂದ್ರ. ನಂದಾತು, ಈಗ ನಿಂದು ಹೇಳವ್ವ."

ಸೆರಗು ಬಾಯಿಂದ ಜಾರಿತು. "ಇನ್ನೂ ಕೊಡಿಸಿಲ್ಲೇನ?"

"ಇಲ್ಲವ್ವ."

ಗಾದಿಲಿಂಗಮ್ಮ ಗೋಡೆಯ ಕಡೆ ತಿರುಗಿ ಹೇಳಿದಳು: "ಉಪ್ಪಿಲ್ಲದ ಸಾರು ಗಪ್ಪನ ಉಂಡಾನಪ್ಪ, ಕೈ ತೊಳದ ಮ್ಯಾಲೆ ಬೈದಾನ ಉಚ್ಚೀರಪ್ಪ."

ನರ್ಸು ಮುಸಿಮುಸಿ ನಕ್ಕಳು. ಇದು ಮರೆವಲ್ಲ, ಮರ್ಯಾದೆ ಎಂದು ಅಮೂಲ್ಯ ತೆಲುಗಿನಲ್ಲಿ ವಿವರಿಸಿದಳು. ಡಾಕ್ಟರು ಮುದುಕಿಯನ್ನೇ ನೋಡಿ, ಆಪರೇಷನ್‌ಗೆ ಒಳಗೆ ಕರೆತರಲು ಹೇಳಿದರು. ಹೋಗುತ್ತಾ ಅಮೂಲ್ಯಳ ಕಡೆ ತಿರುಗಿ, ಕೆಲಸ ಅವಳದೇ, ಸೋಮವಾರ ಬೇಗ ಬರಲಿ ಎಂದರು.

ಸಂಜೆ ರೊಟ್ಟಿ ತಟ್ಟುತ್ತಿದ್ದ ಬಸವಕ್ಕ ಪಗಾರ ಕೇಳಿದಳು. ಮಿಲ್ಲಿಗಿಂತ ಹೆಚ್ಚೆಂದು ತಿಳಿದು ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು. ಅದನ್ನು ತಟ್ಟುತ್ತಾ, "ಆ ಮುದಿಕಿ ಏನಂದ್ಲು? ಇನ್ನೊಮ್ಮಿ ಹೇಳು," ಎಂದಳು.

ಅಮೂಲ್ಯ ಹೇಳಿದಳು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಬಸವಕ್ಕ ಮಿಲ್ಲಿಗೆಂದು ಮಡಿಸಿಟ್ಟಿದ್ದ ಬಟ್ಟೆಯನ್ನು ಗೂಟದಿಂದ ಎಳೆದುಕೊಂಡು, ಅದರಿಂದಲೇ ಬಿಸಿ ಪಾತ್ರೆ ಹಿಡಿದು ಕೆಳಗಿಳಿಸಿದಳು.