ಪಾಚಿಬಂಡೆಗಳ ಮುಂದಿನ ಜಾಗ

ಮೀನು ತಿರುಗಿ ಬಂದರೆ ಬಂದದ್ದರಲ್ಲಿ ಅರ್ಧವನ್ನು ಕಡಲಿಗೇ ಬಿಡುತ್ತೇವೆ ಎಂದು ಹತ್ತು ವರ್ಷಗಳ ಹಿಂದೆ ಹಿರಿಯ ಮೀನುಗಾರ ಸುಕೆಯೊ ಮೀನುಗಾರರ ಸಂಘದ ಸಭೆಯಲ್ಲಿ ಊರಿನ ಪರವಾಗಿ ಮಾತು ಕೊಟ್ಟಿದ್ದ. ಆಗ ಜಪಾನಿನ ಅಕಿತಾ ಕಡಲಲ್ಲಿ ಹತಹತ ಎಂಬ ಆ ಮೀನು ಹೆಸರಿಗೂ ಉಳಿದಿರಲಿಲ್ಲ. ಊರಿಗೆ ಊರೇ ಮೂರು ಚಳಿಗಾಲ ಬಲೆ ಮಡಚಿಟ್ಟು ಕೂತಿತು. ಪಟ್ಟಣಕ್ಕೆ ಕೂಲಿಗೆ ಹೋದ ಸುಕೆಯೊನ ಮಗ ಅಲ್ಲೇ ಉಳಿದುಬಿಟ್ಟ. ಸೊಸೆ ಮಿಕಿಯೊ ಹೆದ್ದಾರಿಯ ಹಿಮ ಬಾಚಿ ಮಗಳನ್ನು ಸಾಕಿದಳು, ಆಮೇಲೆ ಮಾವನ ದೋಣಿಯನ್ನೂ ಹಿಡಿದಳು.

ಆಮೇಲಿನ ವರ್ಷಗಳಲ್ಲಿ ಬಂದ ಅಲ್ಪಸ್ವಲ್ಪದಲ್ಲಿ ಊರು ಅರ್ಧವನ್ನೇ ಹಿಡಿಯಿತು. ಈಗ ಮೀನು ತುಂಬಿ ಬಂದಿದೆ. ಈ ಮೀನನ್ನು ದಡಕ್ಕೆ ಕರೆಯುತ್ತದೆ ಎನ್ನುವ ಡಿಸೆಂಬರಿನ ಗುಡುಗು ಕೇಳಿದ್ದೇ ತಡ, ದಡದ ನೀರೆಲ್ಲ ಮೀನು. ಸಂಘದ ಅಧ್ಯಕ್ಷ ಜಿನ್‌ಪಾಚಿ ಸಭೆ ಕರೆದ.

"ಅರ್ಧ ಅನ್ನೋದು ಮೀನಿಲ್ಲದ ಕಾಲದ ಲೆಕ್ಕ. ಈ ಸಲದಿಂದ ಮುಕ್ಕಾಲು ಹಿಡಿಯೋಣ. ಒಪ್ಪಿದವರು ಕೈ ಎತ್ತಿ."

ಕೈಗಳು ಎದ್ದವು. ಮಿಕಿಯೊ ಕೈಕಟ್ಟಿ ಕೂತೇ ಇದ್ದಳು.

"ಯಾಕಮ್ಮ, ಕೈ ಮರಗಟ್ಟಿದೆಯಾ?" ಎಂದ ಪಕ್ಕದ ದೋಣಿಯ ಗೊರೊಜಿ.

"ಮೀನು ಎರಡರಷ್ಟಾದ್ರೆ ಅರ್ಧಾನೂ ಎರಡರಷ್ಟಾಗತ್ತೆ, ಗೊರೊಜಣ್ಣ. ನಮ್ಮ ಮಿತಿ ತಾನಾಗೇ ಏರಿದೆ. ಅದೂ ಸಾಲದಾ ನಿಮ್ಮ ಹೊಟ್ಟೆಗೆ?"

"ಇವಳ ದೋಣಿ ಇಂಜಿನ್ ಕೆಮ್ತಾ ಇದೆ, ಬಾಯಿ ಮಾತ್ರ ಚೆನ್ನಾಗಿ ಓಡತ್ತೆ."

ಎಲ್ಲರೂ ನಕ್ಕರು. ಮುಕ್ಕಾಲೇ ಗೆದ್ದಿತು.

ಮನೆಯಲ್ಲಿ ಸುಕೆಯೊ ಮಂಡಿಯ ಮೇಲೆ ಕಂಬಳಿ ಎಳೆದುಕೊಂಡು ಕೂತಿದ್ದ. "ಹೋಗ್ಲಿ ಬಿಡಮ್ಮ. ಮೀನಿಲ್ಲದಾಗ ಆಡಿದ ಮಾತು ಅದು. ಇಂಜಿನ್ ಹೊಸದಾಗ್ಬೇಕು. ಊರಿನವರು ಹಿಡಿದಷ್ಟು ನೀನೂ ಹಿಡಿ."

"ಮಾತು ಆಡಿದ್ದು ನೀವು, ಮಾವ. ಹಿಮ ಬಾಚಿದ್ದು ನಾನು. ಬಿಟ್ಟುಕೊಡೋಕೆ ಅದೇನು ನಿಮ್ಮೊಬ್ಬರದಾ?"

ಮುದುಕ ಚಹಾದ ಬಟ್ಟಲನ್ನು ಅವಳತ್ತ ಸರಿಸಿದ.

ಬಲೆ ಕಟ್ಟುವ ಜಾಗಕ್ಕೆ ಆ ಊರಲ್ಲಿ ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಯಾರಿಗೆ ಬಂತೋ ಜಾಗ ಅವರದು. ಖಾಲಿ ಬಿಟ್ಟರೂ ಬೇರೆಯವರು ಅಲ್ಲಿ ಬಲೆ ಇಳಿಸುವಂತಿಲ್ಲ. ಈ ಸಲ ಪಾಚಿಬಂಡೆಗಳ ಮುಂದಿನ ಜಾಗ, ಮೀನು ಮೊಟ್ಟೆಯಿಡಲು ನುಗ್ಗುವ ದಾರಿ, ಮಿಕಿಯೊಗೆ ಬಂದಿತ್ತು.

ಅರ್ಧದ ಹಳೆಯ ಲೆಕ್ಕದಂತೆ ತನ್ನ ಪಾಲು ತುಂಬಿದ ಬೆಳಗ್ಗೆ ಅವಳು ಬಲೆಯ ಹಗ್ಗ ಬಿಚ್ಚಿ ದೋಣಿಗೆ ಎಳೆದುಕೊಳ್ಳತೊಡಗಿದಳು. ಗೊರೊಜಿ ತನ್ನ ದೋಣಿಯನ್ನು ಹತ್ತಿರ ತಂದ.

"ತಲೆ ಕೆಟ್ಟಿದೆಯಾ? ಇನ್ನೂ ಹಿಡಿಯೋದಿದೆ. ನಿನಗೆ ಬೇಡ ಅಂದ್ರೆ ಜಾಗ ನನಗೆ ಕೊಡು, ನಿನಗೂ ಪಾಲು ಹಾಕ್ತೀನಿ."

"ಜಾಗ ನಂದು. ಖಾಲಿ ಇರತ್ತೆ."

"ಜಿನ್‌ಪಾಚಿಗೆ ಹೇಳ್ತೀನಿ, ನೋಡು."

"ಹೇಳಿ. ಬಲೆ ಹಾಕ್ಲೇಬೇಕು ಅಂತ ಯಾವ ನಿಯಮದಲ್ಲಿದೆ ಅಂತಾನೂ ಕೇಳ್ಕೊಂಡು ಬನ್ನಿ."

ಅವಳು ಕೊನೆಯ ಹಗ್ಗವನ್ನೂ ಎಳೆದಳು. ದೋಣಿಯಡಿಯಲ್ಲಿ ಮೀನು ಒತ್ತೊತ್ತಾಗಿ ಬಂಡೆಗಳತ್ತ ಸಾಗಿತು.

ಇಂಜಿನ್ ಆ ವರ್ಷ ಹೊಸದಾಗಲಿಲ್ಲ. ಊರು ಕೊಟ್ಟ ಮಾತನ್ನು ಮುರಿಯಿತು. ಮಿಕಿಯೊ ಮುರಿಯಲಿಲ್ಲ.