ಟ್ಯೂಬನ ಕಿವಿಯೊಳಗಿನ ಕಪ್ಪು

ನಮ್ಮ ಬೀದಿಯ ತಿರುವಿನಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಗಂಡ, ಹೆಂಡತಿ, ಒಂದು ನಾಯಿ. ಮರಿಯಾಗಿದ್ದಾಗ ಹಳೇ ಟ್ಯೂಬುಗಳ ರಾಶಿಯೊಳಗೆ ಮುದುಡಿ ಮಲಗಿದ್ದು ಸಿಕ್ಕಿತು ಅಂತ ನಾಯಿಗೆ ಟ್ಯೂಬ ಅಂತಲೇ ಹೆಸರಾಯಿತು. ಪಕ್ಕದ ಟೈಲರ್ ಅಕ್ಕನ ಬೆಕ್ಕಿಗೂ ಅದಕ್ಕೂ ಭಾರಿ ದೋಸ್ತಿ. ಎರಡೂ ಒಂದೇ ಗೋಣಿಚೀಲದ ಮೇಲೆ ಮೈಗೆ ಮೈ ತಾಗಿಸಿ ಮಲಗುತ್ತಿದ್ದವು.

ಒಂದು ದಿನ ಟ್ಯೂಬ ತಲೆ ಒದರಲು ಶುರುಮಾಡಿತು. ಪಟಪಟ ಅಂತ ಕಿವಿ ಬಡಿಯುವ ಸದ್ದು ಅಡುಗೆ ಒಲೆಯವರೆಗೂ ಕೇಳುತ್ತಿತ್ತು. ಹಿಂಗಾಲಿನಿಂದ ಕಿವಿ ಕೆರೆಯುವುದು, ಕೆರೆಯುತ್ತಲೇ ಕುಂಯ್ ಅನ್ನುವುದು, ಮೆಟ್ಟಿಲಿಗೆ ತಲೆ ತಿಕ್ಕುವುದು, ಇದೇ ಅದರ ಕೆಲಸವಾಯಿತು.

"ರೀ, ಇದು ಊಟಾನೂ ಬಿಟ್ಟು ಕಿವಿ ಕೆರ್ಕೊಳ್ತಿದೆ, ಸ್ವಲ್ಪ ನೋಡಿ" ಅಂದಳು ಹೆಂಡತಿ.

ಅವನು ಕಿವಿ ಮಡಚಿ ನೋಡಿದ. ಒಳಗೆ ಕಪ್ಪು ಕಪ್ಪು, ಪುಡಿಪುಡಿ. "ಇದಾ? ಅಂಗಡಿ ಗ್ರೀಸ್ ಕಣೇ. ಚಕ್ರದ ಕೆಳಗೇ ಬಿದ್ಕೊಂಡಿರತ್ತಲ್ಲ, ಮೇಲಿಂದ ತೊಟ್ಟಿಕ್ಕಿರತ್ತೆ" ಅಂದ.

ಅವನಿಗೆ ಹಾಗನ್ನಿಸಿದ್ದು ಸಹಜವೇ. ಚಕ್ರದ ನಡುವಿನ ಹಬ್ ಬಿಚ್ಚಿದರೆ ಬೇರಿಂಗ್ ಗುಂಡುಗಳ ಸುತ್ತ ಇಂಥದ್ದೇ ಕಪ್ಪು ಕೊಳೆ ಸಿಗುತ್ತದೆ. ಬೆಳಗಾದರೆ ಅದನ್ನೇ ನೋಡುವ ಕಣ್ಣಿಗೆ ಎಲ್ಲಾ ಕಪ್ಪೂ ಗ್ರೀಸೇ.

ಅಷ್ಟರಲ್ಲಿ ಟೈಲರ್ ಅಕ್ಕ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದಳು. ನಾಯಿಯನ್ನು ನೋಡಿ, "ತಮ್ಮಾ, ನಮ್ಮ ಬೆಕ್ಕಿಗೂ ಹೀಗೇ ಆಗಿತ್ತು. ಕಿವಿಯೊಳಗೆ ನುಸಿ ಸೇರ್ಕೊಂಡಿದೆ ಅಂದ್ರು ಪಶು ಆಸ್ಪತ್ರೆ ಡಾಕ್ಟರಮ್ಮ. ಮದ್ದು ಹಾಕಿದ್ಮೇಲೆ ವಾಸಿ ಆಯ್ತು. ಇದನ್ನೂ ಒಂದ್ಸಲ ತೋರಿಸ್ಕೊಂಡು ಬಾ" ಅಂದಳು.

"ನುಸೀನಾ? ಎಲ್ಲಿ, ಒಂದು ಹಿಡಿದು ತೋರಿಸು ನೋಡೋಣ."

"ಬರಿಗಣ್ಣಿಗೆ ಸರಿಯಾಗಿ ಕಾಣಲ್ಲವಂತೆ."

"ಕಣ್ಣಿಗೇ ಕಾಣದ್ದಕ್ಕೆ ಆಸ್ಪತ್ರೆ ಬೇರೆ. ನೀನು ಷರ್ಟು ಹೊಲಿಯಕ್ಕಾ, ರಿಪೇರಿ ನನಗೆ ಬಿಡು."

ಅಲ್ಲಿ ಕೂತಿದ್ದ ಗಿರಾಕಿಗಳು ನಕ್ಕರು. ಅಕ್ಕನ ಮುಖ ಸಪ್ಪಗಾಯಿತು. ಬೆಕ್ಕಿನ ಜೊತೆ ಮಲಗುವ ಪ್ರಾಣಿಗಳಿಗೆಲ್ಲಾ ಔಷಧಿ ಆಗಬೇಕು ಅಂತ ಡಾಕ್ಟರಮ್ಮ ಒತ್ತಿ ಹೇಳಿದ್ದರು. ಆ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹೊರಟುಹೋದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಮಧ್ಯಾಹ್ನ ಬಿಡುವಾದಾಗ ಅವನು ಟ್ಯೂಬನನ್ನು ತೊಡೆಯ ಮೇಲೆ ಹಾಕಿಕೊಂಡ. ಹಬ್ ತೊಳೆಯುವ ಕ್ರಮದಲ್ಲೇ ಕೆಲಸಕ್ಕಿಳಿದ. ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿದ, ಚಕ್ರದ ಕಡ್ಡಿಗೆ ಸುತ್ತಿದ, ಕಿವಿಯೊಳಗೆ ಆಡಿಸಿದ. ಕೊನೆಗೆ ಉಳಿದ ಕೊಳೆ ಹಾರಲಿ ಅಂತ ಪಂಪಿನಿಂದ ಗಾಳಿ ಬಿಟ್ಟ. ಎರಡೂ ಕಿವಿಗೆ.

"ಬೇಡ ರೀ, ಉರಿಯತ್ತೆ ಅದಕ್ಕೆ" ಅಂತ ಹೆಂಡತಿ ಗೋಗರೆದಳು.

"ಒಂದ್ನಿಮಿಷ ಉರಿಯತ್ತೆ, ಆಮೇಲೆ ಹಾಯಾಗಿರತ್ತೆ. ನೀನು ಸುಮ್ನಿರು."

ಟ್ಯೂಬ ಕಿರುಚಿಕೊಂಡಿತು. ಆದರೆ ಕಚ್ಚಲಿಲ್ಲ. ಕಚ್ಚಿದ್ದರಾದರೂ ಅವನು ಕೈ ತೆಗೆಯುತ್ತಿದ್ದನೇನೋ. ಕೆಲಸ ಮುಗಿದಾಗ ಕಿವಿ ಒಳಗೆಲ್ಲಾ ಫಳಫಳ. ಅವನು ಏನೋ ಸಾಧಿಸಿದವನ ಹಾಗೆ ಕೈ ಒರೆಸಿಕೊಂಡ. ಕೆಲವೇ ದಿನಕ್ಕೆ ಕಪ್ಪು ಮತ್ತೆ ಕಾಣಿಸಿತು. ಮತ್ತೆ ಸೀಮೆಎಣ್ಣೆ, ಮತ್ತೆ ಪಂಪು.

ಆಮೇಲೆ ಕಿವಿಯಿಂದ ಕೀವು ಬಂತು, ವಾಸನೆ ಬಂತು. ತಲೆ ಒದರಿ ಒದರಿ ಒಂದು ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಂಡಿತು. ನಾಯಿ ತಲೆ ವಾರೆ ಮಾಡಿಕೊಂಡೇ ಓಡಾಡತೊಡಗಿತು. ಆಗಲೂ ಅವನು, "ತಾನಾಗೇ ಒಣಗತ್ತೆ" ಅಂತಿದ್ದ.

ಒಂದು ಸಂಜೆ ಸಾಮಾನು ಇಳಿಸಲು ಬಂದ ಲಾರಿ ಹಿಂದಕ್ಕೆ ಬರುತ್ತಿತ್ತು. ಹಾರನ್ ಹೊಡೆಯಿತು, ಜನ ಕೂಗಿದರು. ರಸ್ತೆ ಅಂಚಿನಲ್ಲಿ ಮಲಗಿದ್ದ ಟ್ಯೂಬ ತಲೆ ಕೂಡ ಎತ್ತಲಿಲ್ಲ. ಹೆಂಡತಿ ಓಡಿ ಹಿಂಗಾಲು ಹಿಡಿದು ಎಳೆಯದಿದ್ದರೆ ಅವತ್ತೇ ಅದರ ಕಥೆ ಮುಗಿದಿತ್ತು. ಅವನು ಹತ್ತಿರ ಹೋಗಿ, "ಟ್ಯೂಬಾ, ಲೋ ಟ್ಯೂಬಾ" ಅಂತ ಹಿಂದಿನಿಂದ ಕರೆದ. ನಾಯಿ ತಿರುಗಲಿಲ್ಲ. ಚಪ್ಪಾಳೆ ತಟ್ಟಿದ. ತಿರುಗಲಿಲ್ಲ.

ಗದ್ದಲ ಕೇಳಿ ಟೈಲರ್ ಅಕ್ಕ ಹೊಲಿಗೆ ಅರ್ಧಕ್ಕೇ ಬಿಟ್ಟು ಬಂದಳು. ಏನೂ ಕೇಳದೆ, "ನಡಿ, ಡಾಕ್ಟರಮ್ಮ ಇನ್ನೂ ಇರ್ತಾರೆ" ಅಂದಳು. ಮೂವರೂ ನಾಯಿಯನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ದೀಪವಿದ್ದ ಕೊಳವೆಯಿಂದ ಕಿವಿಯ ಆಳ ನೋಡಿದರು. ಒಳಗಿನ ಕಪ್ಪು ಪುಡಿಯಲ್ಲಿ ಒಂದು ಚೂರು ತೆಗೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು. "ಬನ್ನಿ, ನೀವೇ ನೋಡಿ" ಅಂದರು. ಅವನು ಬಗ್ಗಿ ನೋಡಿದ. ಬೆಳ್ಳಗಿನ ಹುಳು, ಕಾಲಾಡಿಸುತ್ತಿತ್ತು.

"ಕಿವಿ ನುಸಿ ಅಂದ್ರೆ ಇದೇ. ಒಂದು ಪ್ರಾಣಿಯ ಮೈ ಇನ್ನೊಂದಕ್ಕೆ ತಾಗಿದ್ರೆ ಸಾಕು, ದಾಟ್ಕೊಳ್ಳತ್ತೆ. ಕಾಫಿಪುಡಿ ಥರ ಇರೋ ಈ ಕಪ್ಪು ಇದ್ರಿಂದಾಗೋ ಕೊಳೆ. ಕಿವಿಗೆ ಏನಾದ್ರೂ ಹಾಕಿದ್ರಾ?"

ಅವನು ತಲೆ ತಗ್ಗಿಸಿ ಹೇಳಿದ: "ಸೀಮೆಎಣ್ಣೆ. ಆಮೇಲೆ... ಪಂಪಲ್ಲಿ ಗಾಳಿ."

ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. "ಮೊದಲೇ ಬಂದಿದ್ರೆ ಕಿವಿ ಶುಚಿ ಮಾಡಿ, ಹನಿ ಔಷಧಿನೋ, ಕತ್ತಿನ ಹಿಂದೆ ಚರ್ಮಕ್ಕೆ ಬಿಡೋ ಔಷಧಿನೋ ಕೊಡ್ತಿದ್ದೆ, ಅಷ್ಟೇ. ಈಗ ಒಳಗಿನ ಚರ್ಮ ಬೆಂದಿದೆ, ಗಾಯ ಕೀವಾಗಿದೆ. ಎರಡೂ ಕಿವಿಯ ತಮಟೆ ಹರಿದಿವೆ."

"ಮತ್ತೆ ಕೇಳಿಸತ್ತಲ್ವಾ ಡಾಕ್ಟ್ರೇ?"

"ಗಾಯ ಮಾಯತ್ತೆ, ನೋವು ಹೋಗತ್ತೆ. ಕೇಳಿಸತ್ತೆ ಅಂತ ಸುಳ್ಳು ಭರವಸೆ ಕೊಡಲಾರೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಸೆರಗಿನ ತುದಿಯಿಂದ ನಾಯಿಯ ಕಣ್ಣೊರೆಸುತ್ತಾ ನಿಂತಿದ್ದಳು, ಅವಳ ಕಣ್ಣೂ ಒದ್ದೆ.

ಹೊರಗೆ ಬಂದಾಗ ಟೈಲರ್ ಅಕ್ಕನೇ ಮಾತಾಡಿದಳು. "ಅವತ್ತು ನಿನ್ನ ಮಾತಿಗೆ ಬೇಜಾರು ಮಾಡ್ಕೊಂಡು ಸುಮ್ಮನಾಗ್ಬಿಟ್ಟೆ. ಸಿಟ್ಟು ನಿನ್ನ ಮೇಲಿತ್ತು. ಈ ಮೂಕಪ್ರಾಣಿ ನನಗೇನು ಮಾಡಿತ್ತು?"

"ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡಕ್ಕಾ."

"ಆದ್ರೂ ಇನ್ನೊಂದ್ಸಲ ಹೇಳಬೇಕಿತ್ತು."

ಅವಳು ಮಾರನೇ ದಿನವೇ ಬೆಕ್ಕನ್ನೂ ಮತ್ತೆ ತೋರಿಸಿದಳು. ನಾಯಿ ಜೊತೆ ಮಲಗಿ ಅದಕ್ಕೂ ನುಸಿ ತಿರುಗಿ ಬಂದಿತ್ತು. ಎರಡಕ್ಕೂ ಒಟ್ಟಿಗೇ ಔಷಧಿ ನಡೆಯಿತು, ಗೋಣಿಚೀಲ ಬಿಸಾಕಿದ್ದಾಯಿತು. ಕೆರೆತ ಬೇಗ ನಿಂತಿತು. "ಇನ್ನು ಸಾಕಲ್ವಾ?" ಅಂದ ಹೆಂಡತಿಗೆ ಅವನೇ ಹೇಳಿದ: "ಇಲ್ಲ. ಮೊಟ್ಟೆ ಉಳಿದಿದ್ರೆ ಮತ್ತೆ ಮರಿ ಆಗತ್ತಂತೆ. ಡಾಕ್ಟರಮ್ಮ ಸಾಕು ಅನ್ನೋವರೆಗೂ ಹಾಕೋಣ."

ನುಸಿ ಹೋಯಿತು, ಗಾಯ ಮಾಯಿತು. ಟ್ಯೂಬ ಚೆನ್ನಾಗಿ ತಿನ್ನುತ್ತದೆ, ಬಾಲ ಆಡಿಸುತ್ತದೆ. ಕಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. ರಸ್ತೆಗಿಳಿದರೆ ಗಾಡಿ ಬರುವುದು ತಿಳಿಯದು ಅಂತ ಈಗ ಅದನ್ನು ಬಾಗಿಲಿಗೆ ಕಟ್ಟಿಹಾಕುತ್ತಾರೆ. ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಬೀಳುತ್ತದೆ. ಅದಕ್ಕೆ ಅವನು ಸುತ್ತಿಬಂದು ಎದುರು ಕೂತು, ಮುಖ ತೋರಿಸಿ, ಆಮೇಲೆ ತಲೆ ಸವರುತ್ತಾನೆ. ಸವರುವಾಗ ಹಳೇ ಅಭ್ಯಾಸದಿಂದ ಹೆಸರು ಕರೆಯುತ್ತಾನೆ.

ಮೊನ್ನೆ ಪಂಕ್ಚರ್ ಹಾಕಿಸಲು ಬಂದ ಹಾಲಿನವನ ಜೊತೆ ಒಂದು ನಾಯಿಮರಿ ಇತ್ತು, ತಲೆ ಒದರುತ್ತಿತ್ತು. ಇವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಪಂಕ್ಚರ್ ಆಮೇಲಾಗತ್ತಣ್ಣ. ಮೊದಲು ಇದನ್ನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗೋಣ, ನಾನೂ ಬರ್ತೀನಿ" ಅಂದ. ಅಂಗಡಿ ತೆರೆದೇ ಬಿಟ್ಟು ಹೋದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ಪದೇ ಪದೇ ತಲೆ ಒದರುತ್ತಿದ್ದರೆ, ಕಿವಿ ಕೆರೆಯುತ್ತಿದ್ದರೆ, ಕಿವಿಯಲ್ಲಿ ಕಪ್ಪು ಪುಡಿಯೋ ಕೆಟ್ಟ ವಾಸನೆಯೋ ಇದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಅದು ನುಸಿಯೋ ಬೇರೆ ಸೋಂಕೋ ಅಂತ ಅವರೇ ನೋಡಿ ಹೇಳಬೇಕು. ಎಣ್ಣೆ, ಸೀಮೆಎಣ್ಣೆ, ಕಡ್ಡಿ, ಬೇರೆಯವರ ನಾಯಿಗೆ ಕೊಟ್ಟ ಮದ್ದು, ಯಾವುದೂ ಬೇಡ. ಜೊತೆಗಿರುವ ನಾಯಿ ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿ. ಪಕ್ಕದ ಮನೆಯವರಿಗೂ ಹೇಳಿ, ಅವರು ನಕ್ಕರೂ ಇನ್ನೊಂದು ಸಲ ಹೇಳಿ.

ಈಗಲೇ ನಿಮ್ಮ ನಾಯಿಯನ್ನು ಹೆಸರು ಹಿಡಿದು ಕರೆಯಿರಿ. ಓಡಿಬಂದರೆ, ಕಿವಿ ಮಡಚಿ ಒಳಗೆ ನೋಡಿ. ಕರೆದರೆ ಬರುವ ಕಾಲದಲ್ಲೇ ನೋಡಿ.