ಎಳೆಜೋಳದ ಉಸಿರು

ನನ್ನ ಕೈ ಹಗುರ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಆ ವಾರ ನಮ್ಮ ಲ್ಯಾಬಿನಲ್ಲಿ ಬೇರೆ ಯಾರೂ ಹೇಳುತ್ತಿರಲಿಲ್ಲ.

ನಮ್ಮದು ತೆಲಂಗಾಣದ ರಾಜಧಾನಿಯಲ್ಲಿ ಗಿಡಗಳ ಉಸಿರಾಟ ನೋಡುವ ಲ್ಯಾಬ್. ಜೀವಕೋಶದೊಳಗೆ ಉಸಿರಾಟದ ಕೆಲಸ ಹೊತ್ತಿರುವ ಸಣ್ಣ ಕಣಗಳೇ ಮೈಟೊಕಾಂಡ್ರಿಯಾ. ಕೋಶವನ್ನು ಒಡೆದು ಅವನ್ನು ಹೊರಗೆ ತೆಗೆಯಬೇಕು, ಆದರೆ ಅವು ಮಾತ್ರ ಒಡೆಯಬಾರದು. ಹೊರಬಂದ ಮೇಲೂ ಆಮ್ಲಜನಕ ಎಳೆದುಕೊಂಡು ದುಡಿಯುತ್ತಿರಬೇಕು. ಮೊಳಕೆಯನ್ನು ಮಂಜುಗಡ್ಡೆಯ ಮೇಲಿಟ್ಟು ಅರೆದು, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೊದಲು ಕಸ ಇಳಿಸುತ್ತೇವೆ. ಆಮೇಲೆ ಇನ್ನೂ ಜೋರಾಗಿ ತಿರುಗಿಸಿ ಮೈಟೊಕಾಂಡ್ರಿಯಾ ಇಳಿಸುತ್ತೇವೆ. ತಳದಲ್ಲಿ ಕೂತ ಆ ಕಂದು ಚುಕ್ಕೆಯನ್ನು ಚಿತ್ರ ಬರೆಯುವ ಮೆತ್ತನೆಯ ಬ್ರಷ್ಷಿನಿಂದ, ಮಲಗಿದ ಕೂಸನ್ನು ಎಬ್ಬಿಸಿದಂತೆ ಎಬ್ಬಿಸಬೇಕು. ಗಡಿಬಿಡಿಯವರಿಗೆ ಈ ಕೆಲಸ ಒಗ್ಗುವುದಿಲ್ಲ.

ಜೋಳವೇ ಬೇಕೆಂದು ಹಟ ಹಿಡಿದು ಕೇಳಿದವಳು ನಾನು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಊಟದ ಹೊತ್ತು ತಿಳಿದುಕೊಳ್ಳುತ್ತಾರೆ. ಜೋಳ ತಿಂದು ಬೆಳೆದವಳಿಗೆ ಜೋಳ ಕೈಕೊಡುತ್ತದೆಯೇ? ಮನೆಯಲ್ಲಿ ಮಡಿಕೆ ಕಾಳು ಮೊಳಕೆ ಕಟ್ಟುವ ಹಾಗೆಯೇ ಜೋಳವನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಕತ್ತಲ ಪೆಟ್ಟಿಗೆಯಲ್ಲಿ ಬೆಳೆಸಿದೆ. ಬೆಳ್ಳನೆಯ ಚೆಂದದ ಮೊಳಕೆಗಳು ಬಂದವು.

ಕೈಕೊಟ್ಟಿತು. ಆಮ್ಲಜನಕ ಅಳೆಯುವ ಯಂತ್ರದ ಪರದೆಯ ಮೇಲೆ, ಕಣಗಳು ಉಸಿರೆಳೆದಂತೆ ಗೆರೆ ಕೆಳಗಿಳಿಯಬೇಕು. ಪಕ್ಕದ ಮೇಜಿನ ಮಹೇಶಕುಮಾರನ ಆಲೂಗಡ್ಡೆಯದು ಮೊದಲ ದಿನವೇ ಇಳಿಯಿತು. ನನ್ನದು ಹಾಸಿದ ಚಾಪೆಯಂತೆ ಬಿದ್ದುಕೊಂಡಿತ್ತು. ಎಷ್ಟು ಸಲ ಮಾಡಿದರೂ ಅದೇ ಹಾಡು.

ನಮ್ಮ ಗೈಡ್ ಮಂದಾಕಿನಿ ಮೇಡಮ್ ಇದೇ ಊರಿನ ನಾರಾಯಣಗೂಡದಲ್ಲೇ ಹುಟ್ಟಿ ಬೆಳೆದವರು. ಸಿಟ್ಟು ಬಂದರೆ, ಇಲ್ಲವೇ ಕೆಲಸದಲ್ಲಿ ಮೈಮರೆತರೆ, ಇಂಗ್ಲಿಷ್ ಬಿಟ್ಟು ಅಪ್ಪ-ಅಮ್ಮನ ಕನ್ನಡಕ್ಕೆ ಇಳಿಯುತ್ತಿದ್ದರು.

“ಭಾಗ್ಯಶ್ರೀ, ನಿನ್ನ ಕೈ ಭಾಳ ಒರಟ ಐತಿ. ಅರಿಯೋದ್ರಾಗ ಎಲ್ಲಾ ಒಡದು ಹಾಕಾಕತ್ತಿ. ಶುಕ್ರವಾರ ಉಸಿರಾಡೋ ಮೈಟೊಕಾಂಡ್ರಿಯಾ ತೋರಿಸು. ಇಲ್ಲಂದ್ರ ಜೋಳದ ಕೆಲಸ ಮಹೇಶಕುಮಾರಗ ಕೊಡ್ತೀನಿ.”

ಮೈ ಉರಿದುಹೋಯಿತು. ಒರಟು ಕೈಯಂತೆ!

ಗುರುವಾರವೂ ಗೆರೆ ಮಲಗಿತು. ಉಳಿದ ಮೊಳಕೆಗಳನ್ನೆಲ್ಲ ಬಾಚಿಕೊಂಡು ಹೋಗಿ ಕಟ್ಟಡದ ಹಿಂದಿನ ಕಸದ ಗುಂಡಿಯ ಪಕ್ಕ ಸುರಿದೆ. ಹತ್ತು ಹೆಜ್ಜೆ ಹೋಗಿ ತಿರುಗಿದರೆ, ಎಲ್ಲಿಂದಲೋ ಬಂದ ಎಮ್ಮೆಯೊಂದು ಅದಕ್ಕೆ ಬಾಯಿ ಹಾಕಲು ನೋಡುತ್ತಿತ್ತು.

“ಏ ಹುಯ್! ಬಿಡ, ಬಿಡ! ಎಳಿ ಜೋಳ ಅದು, ಸಾಯ್ತಿ!”

ತೆಲಂಗಾಣದ ಎಮ್ಮೆ ನನ್ನ ಕನ್ನಡಕ್ಕೆ ಸೊಪ್ಪು ಹಾಕಲಿಲ್ಲ. ಚಪ್ಪಲಿ ಕೈಗೆತ್ತಿಕೊಂಡು ಓಡಿದ ಮೇಲೆ ಮೂತಿ ತಿರುಗಿಸಿ ಹೋಯಿತು. ನಾನು ಚಪ್ಪಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ನಾನೇಕೆ ಹಾಗೆ ಕೂಗಿದೆ?

ಸೇಡಂ ಹತ್ತಿರದ ಅಜ್ಜಿಯ ಊರಿನಲ್ಲಿ, ಕೊಯ್ದ ಜೋಳದ ಬುಡ ಮತ್ತೆ ಚಿಗುರಿತೆಂದರೆ ರಜೆಗೆ ಹೋದ ಮಕ್ಕಳಿಗೆಲ್ಲ ಒಂದೇ ಕೆಲಸ, ದನಗಳನ್ನು ಆ ಹೊಲಕ್ಕೆ ಬಿಡದಿರುವುದು. ಎಳೆಜೋಳ ಮೇಯ್ದ ದನ ನಿಂತಲ್ಲೇ ಉರುಳುತ್ತದೆ. ಏಕೆಂಬುದನ್ನು ಮುಂದೆ ಎಂಎಸ್ಸಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಎಳೆಜೋಳ ಜಜ್ಜಿದರೆ ಸೈನೈಡ್ ಹುಟ್ಟುತ್ತದೆ. ಸೈನೈಡ್ ಮೊದಲು ಕತ್ತು ಹಿಸುಕುವುದು ಮೈಟೊಕಾಂಡ್ರಿಯಾವನ್ನೇ. ಊರಿನದು ಊರಲ್ಲಿ, ಪುಸ್ತಕದ್ದು ಪುಸ್ತಕದಲ್ಲಿ ಉಳಿದಿತ್ತು. ಗುಂಡಿಯ ಪಕ್ಕ ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕೆ.

ಶುಕ್ರವಾರ ಬೆಳಿಗ್ಗೆ ಮೇಡಮ್ ಬರುವ ಹೊತ್ತಿಗೆ ಮಹೇಶಕುಮಾರನ ಆಲೂಗಡ್ಡೆ ಮೈಟೊಕಾಂಡ್ರಿಯಾ ಯಂತ್ರದಲ್ಲಿ ಉಸಿರಾಡುತ್ತಿತ್ತು. ಗೆರೆ ಸರಸರ ಇಳಿಯುತ್ತಿತ್ತು. ಅದಕ್ಕೆ ಮೊದಲು, ಮೊಳಕೆ ಅರೆಯುವಾಗ ಸುರಿಯುವ ಬಫರ್ ದ್ರಾವಣದ ಹನಿಯನ್ನಷ್ಟೇ ಹಾಕಿದೆ, ಏನೂ ಆಗಲಿಲ್ಲ. ಆಮೇಲೆ, ಆಗಷ್ಟೇ ಅರೆದು ಸೋಸಿದ ಜೋಳದ ರಸದ ಹನಿ ಹಾಕಿದೆ. ಗೆರೆ ತಟ್ಟನೆ ಅಡ್ಡ ಬಿತ್ತು.

“ಅಯ್ಯೋ, ನನ್ನ ಆಲೂಗಡ್ಡಿ ಕೊಂದಿ!” ಎಂದ ಮಹೇಶಕುಮಾರ.

“ಕೊಂದಿಲ್ಲೋ, ಕುತ್ತಿಗಿ ಹಿಡದೀನಿ,” ಎಂದೆ. “ನನ್ನ ಕೈ ಒರಟಲ್ರಿ ಮೇಡಮ್. ಜೋಳದ ರಸದಾಗ ಸೈನೈಡ್ ಐತ್ರಿ.”

ಮೇಡಮ್ ಅಡ್ಡ ಬಿದ್ದ ಗೆರೆಯ ಮೇಲೆ ಬೆರಳಿಟ್ಟರು. “ಆತು, ನಿನ್ನ ಕೈದು ತಪ್ಪಿಲ್ಲ, ಒಪ್ಪಿದೆ. ಆದ್ರ ಇಂಥಾ ವಿಷದ ಜೋಳ ಕಟಿಗೊಂಡು ಏನು ಮಾಡೂದು? ಸಜ್ಜಿ ತಗೊಳ್ಳೋಣು. ಅದರಾಗ ಈ ಕಾಟ ಇಲ್ಲ.”

ನನ್ನ ಮಾತು ಗೆದ್ದು, ಜೋಳವೇ ಕೈತಪ್ಪುವುದರಲ್ಲಿತ್ತು. ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

“ಗಿಡ ಆ ವಿಷ ಇಟ್ಗೊಂಡೇ ಬದುಕೈತ್ರಿ ಮೇಡಮ್. ಕೂಡಿದ್ರ ವಿಷ ಆಗೋ ಎರಡು ಪದಾರ್ಥ ಬ್ಯಾರೆ ಬ್ಯಾರೆ ಖೋಲ್ಯಾಗ ಇಟ್ಟೈತಿ. ನಾನು ಅರದು, ನಡುವಿನ ಗ್ವಾಡಿ ಒಡದು ಎರಡನ್ನೂ ಕೂಡಿಸಿದೆ. ತೊಳದು ತಗದ್ರ ಮೈಟೊಕಾಂಡ್ರಿಯಾ ಎದ್ದೇಳ್ತಾವ. ಸಂಜಿ ತನಕ ಬಿಡ್ರಿ.”

“ಸಂಜಿ ತನಕ. ಮುಂದ ಮಾತಿಲ್ಲ.”

ಗಾಳಿ ಹೊರಗೆಳೆಯುವ ಗೂಡಿನೊಳಗೆ ಕುಟ್ಟಾಣಿ ಇಟ್ಟು, ಬಫರ್ ಧಾರಾಳವಾಗಿ ಸುರಿದು, ಅರೆದೂ ಅರೆಯದ ಹಾಗೆ ಅರೆದೆ. ಮೈಟೊಕಾಂಡ್ರಿಯಾ ತಳಕ್ಕಿಳಿದ ಕೂಡಲೇ ಮೇಲಿನ ರಸ ಬಸಿದೆ. ಬ್ರಷ್ಷಿನಿಂದ ಎಬ್ಬಿಸಿ, ಹೊಸ ಬಫರಿನಲ್ಲಿ ತೊಳೆದು, ಮತ್ತೆ ತಿರುಗಿಸಿದೆ. ಮತ್ತೊಮ್ಮೆ ತೊಳೆದೆ. ತೊಳೆದಷ್ಟೂ ಕಂದು ಚುಕ್ಕೆ ಸಣ್ಣದಾಗುತ್ತಿತ್ತು. ಕೊನೆಗೆ ತೊಳೆದ ನೀರಷ್ಟೇ ಉಳಿದರೆ ಏನು ಗತಿ ಎಂದು ಒಳಗೊಳಗೇ ಹೆದರಿದೆ. ಮಹೇಶಕುಮಾರ ಮಂಜುಗಡ್ಡೆ ತುಂಬಿ ತುಂಬಿ ಕೊಟ್ಟ. ಅವನ ಮೇಲೆ ಇಷ್ಟು ದಿನ ಇದ್ದ ಹೊಟ್ಟೆಕಿಚ್ಚು ಅಲ್ಲೇ ಕರಗಿತು.

ಸಂಜೆ ಯಂತ್ರದ ಮುಂದೆ ಮೂವರೂ ನಿಂತೆವು. ಮೈಟೊಕಾಂಡ್ರಿಯಾಕ್ಕೆ ಮೊದಲು ತಿನ್ನಲು ಸಕ್ಸಿನೇಟ್ ಕೊಟ್ಟೆ. ಗೆರೆ ಮೆಲ್ಲಗೆ ವಾಲಿತು. ಆಮೇಲೆ ದುಡಿಮೆಗೆ ಹಚ್ಚುವ ಎಡಿಪಿ ಹಾಕಿದೆ.

ಗೆರೆ ದಬದಬನೆ ಕೆಳಗಿಳಿಯಿತು. ಹಾಕಿದ ಎಡಿಪಿ ತೀರಿದ ಮೇಲೆ ತಾನಾಗಿಯೇ ನಿಧಾನವಾಯಿತು. ಒಡೆದ ಮೈಟೊಕಾಂಡ್ರಿಯಾ ಹೀಗೆ ಮಾಡುವುದಿಲ್ಲ. ಕೆಲಸ ಕೊಟ್ಟಾಗ ಏದುಸಿರು ಬಿಟ್ಟು, ಮುಗಿದಾಗ ಸುಧಾರಿಸಿಕೊಳ್ಳುವುದು ಗಟ್ಟಿ ಇರುವವು ಮಾತ್ರ. ನನ್ನ ಕಣ್ಣು ತುಂಬಿ ಬಂತು, ನಾಚಿಕೆಯೇನೂ ಆಗಲಿಲ್ಲ.

“ಇನ್ನೊಮ್ಮೆ ಹಾಕು,” ಎಂದರು ಮೇಡಮ್. ಪರೀಕ್ಷೆ ಮಾಡುತ್ತಿದ್ದಾರೆ, ಮಾಡಲಿ. ಹಾಕಿದೆ. ಗೆರೆ ಮತ್ತೆ ಇಳಿದು ಮತ್ತೆ ಸುಧಾರಿಸಿಕೊಂಡಿತು.

“ಇನ್ನೊಮ್ಮೆ.”

ಇದರ ಅಗತ್ಯವಿರಲಿಲ್ಲ. ಅವರ ಮುಖ ನೋಡಿದೆ. ಸಿಟ್ಟೂ ಇರಲಿಲ್ಲ, ಸಂಶಯವೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು.

“ಜೋಳ ನಿಂದು,” ಎಂದರು, ಪರದೆಯಿಂದ ಕಣ್ಣು ತೆಗೆಯದೆ. “ಎಡಿಪಿ ಒಂದ ಹನಿ ಉಳದೈತೇನು ನೋಡು. ಇನ್ನೊಮ್ಮೆ ಹಾಕು.”